ಭಂಗಿ ಗಿಡದ ಸತ್ತ್ವ: ಹನಿಯೊಳಗೆ ಇರುವುದೇನು?

ಮಂಡಿನೋವಿನಿಂದ ನಿದ್ರೆಗೆಟ್ಟ ಹಿರಿಯರಿಗೆ, ಪದೇ ಪದೇ ಮೂರ್ಛೆ ಬರುವ ಮಗುವಿನ ತಾಯಿಗೆ, ಕ್ಯಾನ್ಸರ್ ಚಿಕಿತ್ಸೆಯಿಂದ ಬಳಲಿದವರ ಮನೆಮಂದಿಗೆ ಇತ್ತೀಚಿನ ವರ್ಷಗಳಲ್ಲಿ ಯಾರಾದರೊಬ್ಬರು ಹೇಳುವ ಮಾತೊಂದುಂಟು: ‘ಹೆಂಪ್ ಎಣ್ಣೆ ತರಿಸಿ, ನಾಲಗೆಯ ಕೆಳಗೆ ಐದು ಹನಿ ಬಿಡಿ.’ ಮಹಾನಗರದಲ್ಲಿ ನೆರೆಹೊರೆಯವರ ವೈದ್ಯಕ್ಕೆ ಎಂದೂ ಬರಗಾಲವಿಲ್ಲ. ಮನೆಬಾಗಿಲಿಗೇ ಬಂದಿಳಿಯುವ ಆ ಪುಟ್ಟ ಸೀಸೆಯ ಮೇಲೆ ಹಸುರು ಎಲೆಯ ಚಿತ್ರವಿರುತ್ತದೆ. ಹಾಲೆಯಲ್ಲಿ ‘ವಿಜಯಾ’, ‘ಸಿ.ಬಿ.ಡಿ.’, ‘ಪೂರ್ಣ ಸತ್ತ್ವ’ ಮುಂತಾದ ಮಾತುಗಳಿರುತ್ತವೆ. ಒಳಗಿರುವುದು ಅಡುಗೆಗೆ ಬಳಸಬಹುದಾದ ಬೀಜದೆಣ್ಣೆಯೋ, ಮೂರ್ಛೆರೋಗಕ್ಕೆ ಪರೀಕ್ಷಿತವಾದ ಔಷಧವೋ, ಅಥವಾ ಹೋಳಿಹಬ್ಬದ ಭಂಗಿಯ ಮತ್ತನ್ನೇ ತರುವ ದ್ರವ್ಯವೋ ಎಂಬುದು ಕೊಂಡವರಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಈ ಮೂರೂ ಒಂದೇ ಗಿಡದಿಂದ ಬರತಕ್ಕವು. ಆದರೆ ಮೂರರ ಗುಣವೂ ಬೇರೆ ಬೇರೆ.

ಹೆಸರಿನ ಗೊಂದಲ

‘ಹೆಂಪ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟುಗಳಲ್ಲಿ ‘ಸೆಣಬು’ ಎಂಬ ಅರ್ಥ ಕಾಣುತ್ತದೆ. ಇದರಿಂದ ತೊಡಕು ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಕನ್ನಡ ನಾಡಿನ ರೈತರು ಹಸುರು ಗೊಬ್ಬರಕ್ಕೆಂದು ಬಿತ್ತಿ, ಹೂ ಬಿಡುವ ಹೊತ್ತಿಗೆ ನೆಲದಲ್ಲಿ ಉತ್ತುಬಿಡುವ ಸೆಣಬು ದ್ವಿದಳ ಜಾತಿಯ ಹಳದಿ ಹೂವಿನ ಸಸ್ಯ. ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ಪಲ್ಯ ಮಾಡಿ ಉಣ್ಣುವ, ಮುಂಬಯಿ-ಪುಣೆಗಳ ಸಂತೆಯಲ್ಲಿ ‘ಅಂಬಾಡಿ’ ಎಂದು ಕೇಳಿ ಕೊಳ್ಳಬೇಕಾದ ಪುಂಡಿ ಸೊಪ್ಪಿನ ಗಿಡಕ್ಕೂ ‘ಡೆಕ್ಕನ್ ಹೆಂಪ್’ ಎಂಬ ಹೆಸರುಂಟು. ಅದು ದಾಸವಾಳದ ಕುಲಕ್ಕೆ ಸೇರಿದ್ದು. ಅದರ ಕೆಲವು ಎಲೆಗಳ ಸೀಳು ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೆ ‘ಕೆನಬಿನಸ್’ ಎಂಬ ವಿಶೇಷಣ ಸೇರಿಸಿದರು. ನಾರು ಕೊಡುವ ಗಿಡಗಳನ್ನೆಲ್ಲ ಒಂದೇ ಹೆಸರಿನಿಂದ ಕರೆದ ಬ್ರಿಟಿಷ್ ವ್ಯಾಪಾರಿಗಳ ಅವಸರದ ಫಲವಿದು. ಪುಂಡಿ ಪಲ್ಯ ತಿಂದವರಿಗೆ ಯಾವ ಮತ್ತೂ ಬರುವುದಿಲ್ಲ.

ಪ್ರಕೃತ ವಿಷಯಕ್ಕೆ ಸಂಬಂಧಿಸಿದ್ದು ‘ಕೆನಬಿಸ್ ಸಟೈವಾ’ ಎಂಬ ಶಾಸ್ತ್ರೀಯ ನಾಮದ ಭಂಗಿ ಗಿಡ ಮಾತ್ರ. ಇದರಲ್ಲಿ ಗಂಡು ಹೆಣ್ಣು ಗಿಡಗಳು ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣು ಗಿಡದ ಹೂಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಂಡುಸೂಜಿಯ ತಲೆಯಂತಹ ಸೂಕ್ಷ್ಮ ರೋಮಗಳು ಒತ್ತಾಗಿ ಕಾಣುತ್ತವೆ. ಗಿಡದ ಔಷಧವೂ ಮತ್ತೂ ಹುಟ್ಟುವುದು ಆ ರೋಮಗಳ ತುದಿಯ ಅಂಟಿನಲ್ಲಿ. ಅಂಟನ್ನು ಬೇರ್ಪಡಿಸಿ ತೆಗೆದರೆ ಚರಸ್, ಹೂಗೊಂಚಲನ್ನು ಒಣಗಿಸಿದರೆ ಗಾಂಜಾ, ಎಲೆಯನ್ನು ಅರೆದರೆ ಭಂಗಿ. ಬೀಜದೊಳಗೆ ಈ ದ್ರವ್ಯಗಳು ಹುಟ್ಟುವುದಿಲ್ಲ. ಆದ್ದರಿಂದಲೇ ಉತ್ತರಾಖಂಡದ ಮನೆಗಳಲ್ಲಿ ಭಂಗಿ ಬೀಜವನ್ನು ಹುರಿದು ಚಟ್ನಿ ಮಾಡುವುದು ನಿತ್ಯದ ಸಂಗತಿ. ಬೀಜದಿಂದ ಹಿಂಡಿದ ಎಣ್ಣೆಯಲ್ಲಿ ಒಳ್ಳೆಯ ಮೇದಾಮ್ಲಗಳುಂಟು, ನಮ್ಮ ಅಗಸೆಯೆಣ್ಣೆಯಲ್ಲಿರುವಂತೆಯೇ. ಅದು ಆಹಾರ. ಅದನ್ನು ಹನಿ ಲೆಕ್ಕದಲ್ಲಿ ನಾಲಗೆಯ ಕೆಳಗೆ ಬಿಟ್ಟುಕೊಂಡು ನೋವು ಶಮನವಾಗುವುದೆಂದು ಕಾಯುವುದು ಗುರೆಳ್ಳಿನ ಎಣ್ಣೆ ನೆಕ್ಕಿ ಜ್ವರ ಇಳಿಯುವುದನ್ನು ಕಾದಂತೆ.

ಕಲಕತ್ತೆಯ ಪ್ರಯೋಗಗಳು

ಈ ಗಿಡದ ಗುಣವನ್ನು ಆಧುನಿಕ ರೀತಿಯಲ್ಲಿ ಮೊದಲಿಗೆ ಪರೀಕ್ಷಿಸಿದ್ದು ಭಾರತದಲ್ಲಿಯೇ. ಕಲಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಐರ್ಲೆಂಡಿನ ವೈದ್ಯ ವಿಲಿಯಂ ಬ್ರೂಕ್ ಓಶಾನೆಸಿ ಅವರು 1839ರಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿದರು. ಆಗ ಅವರಿಗೆ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಮುಂದೆ ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ಕಟ್ಟಿದವರೂ ಇವರೇ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಈ ಗಿಡದ ವಿಚಾರ ಏನಿದೆಯೆಂಬುದನ್ನು ಅವರು ಪಂಡಿತ ಮಧುಸೂದನ ಗುಪ್ತರಂಥವರಿಂದ ಕೇಳಿ ತಿಳಿದರು. 1836ರಲ್ಲಿ ಅದೇ ಕಾಲೇಜಿನಲ್ಲಿ ಮೃತದೇಹವನ್ನು ಛೇದಿಸಿ ಹೊಸ ಹಾದಿ ಹಾಕಿಕೊಟ್ಟ ಆಯುರ್ವೇದ ಪಂಡಿತರು ಈ ಗುಪ್ತರು.

ಓಶಾನೆಸಿಯವರು ರೋಗಿಗಳಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದರು. ನಾಯಿ, ಬೆಕ್ಕು, ಮೀನು, ಹದ್ದು, ಕಾಗೆಗಳು ಮತ್ತಿಗೆ ಒಳಗಾದವು. ಹಸು, ಕುದುರೆ, ಮೇಕೆಗಳು ಎಷ್ಟು ತಿಂದರೂ ಅಷ್ಟಾಗಿ ಜಗ್ಗಲಿಲ್ಲ. ಬಳಿಕ ಸಂಧಿವಾತ, ಕಾಲರಾ, ಧನುರ್ವಾಯು ಹಾಗೂ ಹುಚ್ಚುನಾಯಿ ಕಡಿತದ ರೋಗಿಗಳಿಗೆ ಈ ಅಂಟಿನ ಅರ್ಕವನ್ನು ಕೊಟ್ಟರು. ಹುಚ್ಚುನಾಯಿ ಕಡಿದ ರೋಗಿಯ ಪ್ರಾಣ ಉಳಿಯದಿದ್ದರೂ ಕೊನೆಗಾಲದ ಯಾತನೆ ತಗ್ಗಿತೆಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೆ ಅವರಿಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಕೇವಲ ನಲವತ್ತು ದಿನಗಳ ಒಂದು ಹೆಣ್ಣು ಶಿಶು. ಬಿಟ್ಟೂ ಬಿಡದೆ ಬರುತ್ತಿದ್ದ ಸೆಳವಿಗೆ ಅಂದಿನ ಔಷಧಗಳಾವುವೂ ಒಗ್ಗದಿದ್ದಾಗ ಅರ್ಕದ ಹನಿಗಳನ್ನು ಕ್ರಮವಾಗಿ ಏರಿಸುತ್ತ ಹೋದರು, ಕೂಸು ಚೇತರಿಸಿಕೊಂಡಿತು. ಸೆಳವನ್ನು ತಡೆಯುವ ಬೆಲೆಬಾಳುವ ಮದ್ದೊಂದು ವೈದ್ಯವೃತ್ತಿಗೆ ದೊರೆತಿದೆ ಎಂಬುದು ಅವರ ತೀರ್ಮಾನವಾಗಿತ್ತು. ಒಂದು ಶಿಶುವಿನಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ದೊರೆಯಲು 178 ವರ್ಷಗಳು ಬೇಕಾದವು.

ಇಷ್ಟು ತಡವಾದುದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಅಫೀಮಿನ ಮಾರ್ಫೀನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬಿಳಿಯ ಹರಳಾಗಿ ಕೈಗೆ ಸಿಕ್ಕಿತ್ತು. ಆಮ್ಲದೊಡನೆ ಸೇರಿ ಲವಣವಾಗುವ ಗುಣ ಅದಕ್ಕಿದ್ದುದರಿಂದ ಬೇರ್ಪಡಿಸುವುದು ಸುಲಭವಾಯಿತು. ಭಂಗಿಯ ದ್ರವ್ಯಗಳಾದರೋ ಅಂಟಂಟಾದ ಎಣ್ಣೆಯ ಸ್ವಭಾವದವು. ಒಂದರೊಡನೊಂದು ಬೆರೆತು ಬೇರ್ಪಡಿಸಲು ಬಾರದವು. ಸತ್ತ್ವವೇ ತಿಳಿಯದ ಮೇಲೆ ಪ್ರಮಾಣ ಗೊತ್ತುಮಾಡುವುದು ಹೇಗೆ? ಒಂದು ಸೀಸೆಯ ಅರ್ಕ ನೀರಿನಂತೆ ನಿಷ್ಫಲ, ಮತ್ತೊಂದರ ಅದೇ ಹನಿಗಳಿಗೆ ರೋಗಿ ದಿಕ್ಕುತಪ್ಪಿ ಬೀಳುವನು. ಬೇಸತ್ತ ಪಾಶ್ಚಾತ್ಯ ವೈದ್ಯರು ಆಸ್ಪಿರಿನ್ ಮೊದಲಾದ ನಂಬಬಹುದಾದ ಮದ್ದುಗಳು ಬಂದ ಮೇಲೆ ಇದನ್ನು ಕೈಬಿಟ್ಟರು.

ಒಂದೇ ಸೂತ್ರದ ಎರಡು ಅಣುಗಳು

ಅಮೆರಿಕದ ರೋಜರ್ ಆಡಮ್ಸ್ ಅವರು 1940ರಲ್ಲಿ ‘ಕೆನಬಿಡಿಯಾಲ್’ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಂದು ಸಿ.ಬಿ.ಡಿ. ಎಂದು ಕರೆಯುವುದು ಇದನ್ನೇ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾಫೆಲ್ ಮೆಶುಲಾಮ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಮರುವರ್ಷ, 1964ರಲ್ಲಿ, ಮೆಶುಲಾಮ್ ಮತ್ತು ಗಾವೊನಿ ಅವರು ಮತ್ತಿಗೆ ಕಾರಣವಾದ ‘ಟೆಟ್ರಹೈಡ್ರೊಕೆನಬಿನಾಲ್’, ಅಂದರೆ ಟಿ.ಎಚ್.ಸಿ.ಯನ್ನು ಶುದ್ಧರೂಪದಲ್ಲಿ ಪಡೆದರು. ಪೋಲೀಸರು ವಶಪಡಿಸಿಕೊಂಡಿದ್ದ ಐದು ಕಿಲೋ ಚರಸ್ಸನ್ನು ಕೇಳಿ ಪಡೆದ ಮೆಶುಲಾಮ್ ಅದನ್ನು ಸಾರ್ವಜನಿಕ ಬಸ್ಸಿನಲ್ಲಿ ಪ್ರಯೋಗಶಾಲೆಗೆ ಕೊಂಡೊಯ್ದರು. ಸಹಪ್ರಯಾಣಿಕರೆಲ್ಲ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಅತ್ತಿತ್ತ ನೋಡಿದರಂತೆ.

ಈ ಎರಡು ಅಣುಗಳ ಸಾಮ್ಯ-ಭೇದ ಬಹು ಸ್ವಾರಸ್ಯವಾದುದು. ಎರಡರಲ್ಲಿಯೂ ಇಂಗಾಲದ 21, ಜಲಜನಕದ 30, ಆಮ್ಲಜನಕದ 2 ಪರಮಾಣುಗಳಿವೆ. ತಕ್ಕಡಿಯಲ್ಲಿಟ್ಟರೆ ಭಾರ ಒಂದೇ. ವ್ಯತ್ಯಾಸವಿಷ್ಟೆ: ಟಿ.ಎಚ್.ಸಿ.ಯಲ್ಲಿ ಒಂದು ಉಂಗುರ ಮುಚ್ಚಿದೆ, ಸಿ.ಬಿ.ಡಿ.ಯಲ್ಲಿ ಅದು ತೆರೆದೇ ಇದೆ. ಆ ಒಂದು ಉಂಗುರದ ದೆಸೆಯಿಂದ ಮೊದಲನೆಯದು ಮಿದುಳಿನ ಒಂದು ನಿರ್ದಿಷ್ಟ ತಾಣದಲ್ಲಿ ಸರಿಯಾಗಿ ಕೂರುತ್ತದೆ. ಎರಡನೆಯದು ಅಲ್ಲಿ ನೆಲೆ ನಿಲ್ಲದೆ ಬೇರೆ ಹಲವು ಹಾದಿಗಳಲ್ಲಿ ಕೆಲಸ ಮಾಡುತ್ತದೆ.

ಆ ತಾಣವನ್ನು 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಗುರುತಿಸಿದರು. ಇದು ನರಕೋಶದ ಹೊರಪದರದಲ್ಲಿರುವ ಒಂದು ಪ್ರೋಟೀನು. ಬಂದ ಸಂದೇಶವನ್ನು ಹಿಡಿದುಕೊಳ್ಳುವುದರಿಂದ ಇದಕ್ಕೆ ‘ಗ್ರಾಹಕ’ವೆಂದು ಹೆಸರು. ಗಿಡದ ವಸ್ತುವಿಗೆಂದು ಮಿದುಳು ಗ್ರಾಹಕವನ್ನು ಸಿದ್ಧಮಾಡಿಟ್ಟುಕೊಂಡಿರಲು ಸಾಧ್ಯವಿಲ್ಲವಲ್ಲ! ದೇಹವೇ ತಯಾರಿಸುವ ಯಾವುದೋ ವಸ್ತು ಇರಬೇಕೆಂದು ಹುಡುಕಿದಾಗ 1992ರಲ್ಲಿ ಮೆಶುಲಾಮ್ ಅವರ ತಂಡಕ್ಕೆ ಹಂದಿಯ ಮಿದುಳಿನಲ್ಲಿ ಅದು ದೊರೆಯಿತು. ಅದಕ್ಕೆ ಅವರು ಇಟ್ಟ ಹೆಸರು ‘ಆನಂದಮೈಡ್’. ನಮ್ಮ ‘ಆನಂದ’ ಶಬ್ದವೇ ಅದರಲ್ಲಿರುವುದು.

ಇದರ ಕೆಲಸವನ್ನು ಮಹಾನಗರದ ಬಹುಮಹಡಿ ಕಟ್ಟಡದಲ್ಲಿ ವಾಸಿಸುವವರಿಗೆ ವಿವರಿಸುವುದು ಕಷ್ಟವಲ್ಲ. ಕೆಳಗಿನ ಪಂಪು ಮಹಡಿಯ ಮೇಲಿನ ತೊಟ್ಟಿಗೆ ನೀರೇರಿಸುತ್ತದೆ. ತೊಟ್ಟಿ ತುಂಬಿದೊಡನೆ ಮೇಲಿನಿಂದ ಯಾರಾದರೂ ‘ಸಾಕು, ನಿಲ್ಲಿಸು’ ಎಂದು ಕೂಗಿ ಹೇಳಬೇಕು. ನರಕೋಶಗಳಲ್ಲಿಯೂ ಸಂದೇಶ ಒಂದು ಕೋಶದಿಂದ ಮತ್ತೊಂದಕ್ಕೆ ಹರಿಯುತ್ತದೆ. ಪಡೆದ ಕೋಶಕ್ಕೆ ಸಾಕೆನಿಸಿದಾಗ ಅದು ಆನಂದಮೈಡಿನಂತಹ ವಸ್ತುವನ್ನು ತಯಾರಿಸಿ ಹಿಂದಕ್ಕೆ, ಕಳಿಸಿದ ಕೋಶದ ಕಡೆಗೇ ಬಿಡುತ್ತದೆ. ಕೂಗು ಕ್ಷಣಕಾಲದ್ದು; ಕೆಲಸ ಮುಗಿದೊಡನೆ ಆ ವಸ್ತು ಕರಗಿಹೋಗುತ್ತದೆ. ಟಿ.ಎಚ್.ಸಿ. ಹೊಕ್ಕಾಗ ಆಗುವುದೇನೆಂದರೆ, ತೊಟ್ಟಿ ತುಂಬಿರಲಿ ಬಿಡಲಿ, ಕಟ್ಟಡದ ಎಲ್ಲ ಮಹಡಿಗಳಿಂದಲೂ ಗಂಟೆಗಟ್ಟಲೆ ‘ನಿಲ್ಲಿಸು’ ಎಂಬ ಕೂಗೇ ಕೂಗು. ನೆನಪಿನ ಕೇಂದ್ರದಲ್ಲಿ ಕೂಗಿದರೆ ಮಾತಿನ ಮಧ್ಯೆ ಮಾತು ಮರೆಯುತ್ತದೆ. ಸಮತೋಲದ ಕೇಂದ್ರದಲ್ಲಿ ಕೂಗಿದರೆ ಹೆಜ್ಜೆ ತಪ್ಪುತ್ತದೆ. ವಾಂತಿಯ ಕೇಂದ್ರದಲ್ಲಿ ಕೂಗಿದರೆ ಹೊಟ್ಟೆ ತೊಳಸುವುದು ನಿಲ್ಲುತ್ತದೆ. ಈ ಕೊನೆಯ ಗುಣವನ್ನೇ ಆಧರಿಸಿ, ಕ್ಯಾನ್ಸರ್ ಔಷಧಗಳಿಂದಾಗುವ ವಾಂತಿಗೆ ಕೃತಕವಾಗಿ ತಯಾರಿಸಿದ ಟಿ.ಎಚ್.ಸಿ. ಗುಳಿಗೆಯನ್ನು ಅಮೆರಿಕದಲ್ಲಿ 1985ರಲ್ಲಿ ಅಂಗೀಕರಿಸಲಾಯಿತು. ಅದು ವಾಂತಿಗೆ ಮದ್ದು, ಕ್ಯಾನ್ಸರಿಗಲ್ಲ. ಗಾಜಿನ ನಳಿಕೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತವೆಂಬ ವರದಿಗಳನ್ನು ತೋರಿಸಿ ರೋಗಿಗೆ ಆಸೆ ಹುಟ್ಟಿಸುವವರು ಈ ಭೇದವನ್ನು ಹೇಳುವುದಿಲ್ಲ.

ಉಸಿರಾಟವನ್ನು ನಡೆಸುವ ಮಿದುಳುಕಾಂಡದಲ್ಲಿ ಈ ಗ್ರಾಹಕಗಳು ವಿರಳ. ಅಫೀಮು ಹೆಚ್ಚಾದವನು ಉಸಿರು ನಿಂತು ಸಾಯುವಂತೆ ಭಂಗಿಯಿಂದ ಸಾಯದಿರುವುದಕ್ಕೆ ಇದೇ ಕಾರಣ. ಇದರಿಂದ ಭಂಗಿ ನಿರಪಾಯಕಾರಿಯೆಂದು ತಿಳಿಯಬಾರದು. ಹೃದಯದ ಬಡಿತ ಏರುತ್ತದೆ, ನಿಂತಾಗ ರಕ್ತದೊತ್ತಡ ಇಳಿಯುತ್ತದೆ. ಎಪ್ಪತ್ತು ದಾಟಿದವರು ರಾತ್ರಿ ಬಚ್ಚಲಿಗೆ ಎದ್ದಾಗ ತಲೆಸುತ್ತಿ ಬಿದ್ದು ತೊಡೆಮೂಳೆ ಮುರಿದುಕೊಳ್ಳಲು ಇಷ್ಟು ಸಾಕು. ಇನ್ನೂ ಬೆಳೆಯುತ್ತಿರುವ ಹದಿಹರೆಯದ ಮಿದುಳಿಗೆ ಇದರ ನಿತ್ಯಸೇವನೆ ಕೆಡುಕು. ಮನೋರೋಗದ ವಂಶವಾಹಿಕೆ ಇದ್ದವರಲ್ಲಿ ಅದು ಉಲ್ಬಣಿಸಬಹುದು.

ತುಪ್ಪ, ಯಕೃತ್ತು ಮತ್ತು ಕಾಲ

ಹಸಿ ಎಲೆಯಲ್ಲಿ ಈ ದ್ರವ್ಯಗಳು ಆಮ್ಲರೂಪದಲ್ಲಿರುತ್ತವೆ. ಆ ರೂಪದಲ್ಲಿ ಮತ್ತು ಇಲ್ಲ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಅವು ಸಕ್ರಿಯವಾಗುತ್ತವೆ. ಇವು ನೀರಿನಲ್ಲಿ ಕರಗವು, ಕೊಬ್ಬಿನಲ್ಲಿ ಕರಗುತ್ತವೆ. ಆಯುರ್ವೇದದ ವೈದ್ಯರು ವಿಜಯಾ ಪತ್ರವನ್ನು ಶೋಧಿಸುವಾಗ ತೊಳೆದು, ಒಣಗಿಸಿ, ಹಸುವಿನ ತುಪ್ಪದಲ್ಲಿ ಹುರಿಯುವ ಕ್ರಮವಿದೆಯಷ್ಟೆ. ಕಾಯಿಸುವುದು, ಕರಗಿಸುವುದು ಎರಡೂ ಅದರಲ್ಲೇ ಆಗಿಹೋಗುತ್ತವೆ. ಮೊದಲು ಮೈಯೆಲ್ಲ ಹರಡಿ ಅನಂತರ ಪಚನವಾಗುವ ದ್ರವ್ಯಕ್ಕೆ ‘ವ್ಯವಾಯಿ’ ಎಂದು ಹೆಸರಿಟ್ಟ ಶಾರ್ಙ್ಗಧರ ಸಂಹಿತೆ ಅದಕ್ಕೆ ಕೊಡುವ ಉದಾಹರಣೆಗಳು ಭಂಗಿ ಮತ್ತು ಅಫೀಮು. ಅಣುವನ್ನು ಕಾಣದೆಯೇ ಪರಿಣಾಮವನ್ನು ಇಷ್ಟು ನಿಕಟವಾಗಿ ಗಮನಿಸಿದ್ದು ಮೆಚ್ಚತಕ್ಕ ಸಂಗತಿ.

ಧೂಮದ ಮೂಲಕ ಸೇವಿಸಿದ್ದು ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಹೊಟ್ಟೆಗೆ ತೆಗೆದುಕೊಂಡದ್ದು ಮೊದಲು ಯಕೃತ್ತನ್ನು ಹಾದುಹೋಗಬೇಕು. ಪರಿಣಾಮ ಕಾಣಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯಬಹುದು. ಹೋಳಿಯ ದಿನ ಠಂಡಾಯಿ ಕುಡಿದವರು ‘ಏನೂ ಆಗಲಿಲ್ಲ’ವೆಂದು ಎರಡನೆಯ ಲೋಟಕ್ಕೆ ಕೈಚಾಚಿ ಸಂಜೆಗೆ ಆಸ್ಪತ್ರೆ ಸೇರುವುದು ಇದರಿಂದಲೇ. ಯಕೃತ್ತಿನಲ್ಲಿ ಟಿ.ಎಚ್.ಸಿ. ಮತ್ತೊಂದು ರೂಪ ತಾಳುತ್ತದೆ. ಆ ರೂಪವೂ ಮತ್ತನ್ನುಂಟುಮಾಡತಕ್ಕದ್ದೇ. ಸಿ.ಬಿ.ಡಿ.ಯ ಬಹುಪಾಲು ಯಕೃತ್ತಿನಲ್ಲೇ ನಷ್ಟವಾಗಿ ನೂರರಲ್ಲಿ ಆರು ಪಾಲಿನಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆಂದು ಅಂದಾಜು. ಜಿಡ್ಡಿನ ಊಟದೊಡನೆ ತೆಗೆದುಕೊಂಡರೆ ಅದು ನಾಲ್ಕೈದು ಪಟ್ಟು ಏರುತ್ತದೆ. ಒಂದು ದಿನ ಬರಿಹೊಟ್ಟೆಯಲ್ಲಿ, ಮರುದಿನ ಹಬ್ಬದೂಟದ ಮೇಲೆ ಅದೇ ಹನಿಗಳನ್ನು ಸೇವಿಸಿದವರು ಎರಡು ಬೇರೆ ಪ್ರಮಾಣಗಳನ್ನೇ ತೆಗೆದುಕೊಂಡಂತಾಯಿತು.

ಪರೀಕ್ಷೆಯಲ್ಲಿ ನಿಂತದ್ದು ಯಾವುದು?

‘ಡ್ರಾವೆ’ ಎಂಬುದು ಹುಟ್ಟಿದ ಮೊದಲ ವರ್ಷದಲ್ಲೇ ತೊಡಗುವ, ಸಾಮಾನ್ಯ ಔಷಧಗಳಿಗೆ ಬಗ್ಗದ ಉಗ್ರವಾದ ಮೂರ್ಛೆರೋಗ. ಈ ರೋಗದ 120 ಮಕ್ಕಳು ಮತ್ತು ತರುಣರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಡೆಯುತ್ತಿದ್ದ ಔಷಧಗಳನ್ನು ನಿಲ್ಲಿಸದೆ, ಅವುಗಳ ಜೊತೆಗೆ ಅರ್ಧದಷ್ಟು ಮಂದಿಗೆ ಶುದ್ಧ ಸಿ.ಬಿ.ಡಿ. ದ್ರಾವಣವನ್ನೂ ಉಳಿದವರಿಗೆ ರುಚಿ ಬಣ್ಣಗಳಲ್ಲಿ ಅದನ್ನೇ ಹೋಲುವ ಸಪ್ಪೆ ದ್ರಾವಣವನ್ನೂ ಕೊಟ್ಟರು. ಔಷಧ ಪಡೆದವರಲ್ಲಿ ತಿಂಗಳ ಸೆಳವಿನ ಮಧ್ಯಮ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು, ಸಪ್ಪೆ ದ್ರಾವಣದವರಲ್ಲಿ 14.9 ಇದ್ದದ್ದು 14.1 ಆಯಿತು. ಸೆಳವು ಪೂರ್ತಿಯಾಗಿ ನಿಂತದ್ದು ನೂರಕ್ಕೆ ಐವರಲ್ಲಿ ಮಾತ್ರ. ತೂಕಡಿಕೆ, ಭೇದಿ, ಹಸಿವಿಲ್ಲದಿರುವುದು, ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುಬಂದವು. ಈ ಬಗೆಯ ಪರೀಕ್ಷೆಗಳ ಆಧಾರದ ಮೇಲೆ 2018ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೋ ಎಂಬ ಎರಡು ವಿರಳ ಮೂರ್ಛೆರೋಗಗಳಿಗೆ ಇದನ್ನು ಅಂಗೀಕರಿಸಿತು. ಓಶಾನೆಸಿಯವರ ಊಹೆಯಲ್ಲಿ ಹುರುಳಿತ್ತು. ಆದರೆ ಹುರುಳು ಇಷ್ಟೇ ಅಗಲದ್ದು.

ಸಾಮಾನ್ಯವಾದ ಹಳೆಯ ನೋವುಗಳಿಗೆ ಇಷ್ಟು ಗಟ್ಟಿಯಾದ ಆಧಾರವಿಲ್ಲ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2021ರಲ್ಲಿ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ನೋವಿಗೆ ಇವುಗಳ ಸಾರ್ವತ್ರಿಕ ಬಳಕೆಯನ್ನು ತಾನು ಅನುಮೋದಿಸಲಾರೆನೆಂದು ತಿಳಿಸಿತು.

ಇನ್ನು ಹನಿಗಳ ಲೆಕ್ಕ. ಮೂರ್ಛೆರೋಗದಲ್ಲಿ ಕೊಡುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ, ಕೆಲವೊಮ್ಮೆ 20ರವರೆಗೆ. 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 200 ಮಿಲಿಗ್ರಾಂ ಆಯಿತು. 30 ಮಿಲಿಲೀಟರಿನ ಸೀಸೆಯಲ್ಲಿ ಒಟ್ಟು 1000 ಮಿಲಿಗ್ರಾಂ ಇದೆಯೆಂದು ಇಟ್ಟುಕೊಂಡರೆ, ಮಿಲಿಲೀಟರಿಗೆ 20 ಹನಿಯಂತೆ, ಒಂದು ಹನಿಯಲ್ಲಿ ಸುಮಾರು 1.7 ಮಿಲಿಗ್ರಾಂ. ನೆರೆಯವರು ಹೇಳಿದ ಐದು ಹನಿ ಎಂದರೆ ಎಂಟು ಮಿಲಿಗ್ರಾಮಿನಷ್ಟು. ಪರೀಕ್ಷಿತ ಪ್ರಮಾಣ ಮುಟ್ಟಲು 120 ಹನಿ ಬೇಕು. ಸೀಸೆ ಐದೇ ದಿನಕ್ಕೆ ಮುಗಿಯುತ್ತದೆ. ಹಾಗಾದರೆ ಹನಿಗಳನ್ನು ಏರಿಸಿದರಾಯಿತೆಂದು ಹೊರಡುವ ತಂದೆತಾಯಿಗಳು ಇಲ್ಲಿ ನಿಂತು ಯೋಚಿಸಬೇಕು. ‘ಪೂರ್ಣ ಸತ್ತ್ವ’ವೆಂದು ಮಾರುವ ಎಣ್ಣೆಯಲ್ಲಿ ಸಿ.ಬಿ.ಡಿ.ಯೊಡನೆ ಟಿ.ಎಚ್.ಸಿ.ಯೂ ಇರುತ್ತದೆ. ಇಪ್ಪತ್ತಕ್ಕೆ ಒಂದು ಪಾಲಿದ್ದರೂ 200 ಮಿಲಿಗ್ರಾಂ ಸಿ.ಬಿ.ಡಿ.ಯ ಹಿಂದೆ 10 ಮಿಲಿಗ್ರಾಂ ಟಿ.ಎಚ್.ಸಿ. ಮಗುವಿನ ಹೊಟ್ಟೆಗೆ ಹೋಗುತ್ತದೆ. ವಯಸ್ಕರಿಗೆ ವಾಂತಿ ತಡೆಯಲು ಕೊಡುವ ಟಿ.ಎಚ್.ಸಿ.ಯ ಚಿಕ್ಕ ಗುಳಿಗೆಯಲ್ಲಿರುವುದು ಎರಡೂವರೆ ಮಿಲಿಗ್ರಾಂ. ಎರಡೂ ಸಮಪಾಲಾಗಿರುವ ಎಣ್ಣೆಯಾದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಲೆಯ ಮೇಲಿನ ಸಂಖ್ಯೆಯನ್ನಾದರೂ ನಂಬಬಹುದೇ? ಅಮೆರಿಕದಲ್ಲಿ 84 ಸಿ.ಬಿ.ಡಿ. ಪದಾರ್ಥಗಳನ್ನು ಕೊಂಡು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಹಾಲೆಗೂ ವಸ್ತುವಿಗೂ ತಾಳೆಯಾದವು 26 ಮಾತ್ರ. 18ರಲ್ಲಿ ಟಿ.ಎಚ್.ಸಿ. ಪತ್ತೆಯಾಯಿತು. ತಯಾರಕರಿಂದ ಆಯಾ ಕಂತಿನ ಪ್ರಯೋಗಶಾಲಾ ಪತ್ರವನ್ನು ಕೇಳಿ ಪಡೆಯುವುದು ಕೊಳ್ಳುವವರ ಹಕ್ಕು.

ಬೇರೆ ಔಷಧಗಳೊಡನೆ ಇದರ ಘರ್ಷಣೆಯೂ ಉಂಟು. ಅನೇಕ ಔಷಧಗಳನ್ನು ವಿಭಜಿಸುವ ಯಕೃತ್ತಿನ ಕಿಣ್ವಗಳನ್ನೇ ಸಿ.ಬಿ.ಡಿ. ತಡೆಹಿಡಿಯುತ್ತದೆ. ಮೂರ್ಛೆಗೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ಕ್ಲೋಬಜಾಮ್ ಸೇವಿಸುವ ಮಗುವಿನ ರಕ್ತದಲ್ಲಿ ಅದರ ಉತ್ಪನ್ನದ ಪ್ರಮಾಣ ಏರಿ ಮಗು ಸದಾ ತೂಕಡಿಸತೊಡಗಬಹುದು. ವಾಲ್‌ಪ್ರೊಯೇಟ್ ಜೊತೆಗಿದ್ದರೆ ಯಕೃತ್ತಿಗೆ ಪೆಟ್ಟು ಹೆಚ್ಚು. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಸೇವಿಸುವವರಲ್ಲಿ ರಕ್ತ ತೀರ ತೆಳುವಾಗಿ ರಕ್ತಸ್ರಾವದ ಭಯವುಂಟು. ಎಲ್ಲಕ್ಕಿಂತ ಘೋರವಾದುದು, ‘ಗಿಡಮೂಲಿಕೆ ಸಿಕ್ಕಿತಲ್ಲ’ ಎಂದು ಮೂರ್ಛೆಯ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸುವುದು. ಹಾಗೆ ಮಾಡಿದಲ್ಲಿ ಸೆಳವು ಬಿಡದೆ ಬಂದು ಪ್ರಾಣಕ್ಕೇ ಎರವಾಗಬಹುದು. ಮೇಲೆ ಹೇಳಿದ ಪರೀಕ್ಷೆಯಲ್ಲಿಯೂ ಹಳೆಯ ಔಷಧಗಳನ್ನು ಬಿಡಿಸಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೀಸೆಯನ್ನು ಬಚ್ಚಿಡದೆ, ಹಾಲೆ ಸಮೇತ ನರರೋಗ ತಜ್ಞರ ಮೇಜಿನ ಮೇಲಿಡುವುದೇ ಸರಿ.

ಕಾನೂನಿನ ಗೆರೆ

1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಚರಸ್, ಗಾಂಜಾ ಮತ್ತು ಅವುಗಳ ಮಿಶ್ರಣಗಳು ನಿಷಿದ್ಧ. ಹೂಗೊಂಚಲಿನಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. 2022ರಲ್ಲಿ ಜಾಮೀನು ಅರ್ಜಿಯೊಂದನ್ನು ವಿಚಾರಿಸುತ್ತ ಕರ್ನಾಟಕ ಉಚ್ಚ ನ್ಯಾಯಾಲಯವೂ ಭಂಗ್ ಈ ಕಾಯಿದೆಯಡಿ ಬರುವುದಿಲ್ಲವೆಂಬ ಅಭಿಪ್ರಾಯ ತಾಳಿತು. ಎಲೆಯ ಸತ್ತ್ವವನ್ನು ಆಯುರ್ವೇದ ಔಷಧವಾಗಿ ಪರವಾನಗಿ ಪಡೆದು ತಯಾರಿಸುವುದು ಈ ಸಂದಿನಲ್ಲಿಯೇ. ಬೀಜವನ್ನುಳಿದ ಭಂಗಿ ಆಯುರ್ವೇದದ ವಿಷದ್ರವ್ಯಗಳ ಸರ್ಕಾರಿ ಪಟ್ಟಿಯಲ್ಲಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದೆಂಬ ಎಚ್ಚರಿಕೆಯನ್ನು ಹಾಲೆಯ ಮೇಲೆ ಮುದ್ರಿಸಲೇಬೇಕು. ಬೀಜ, ಬೀಜದೆಣ್ಣೆ, ಬೀಜದ ಹಿಟ್ಟುಗಳನ್ನು ಆಹಾರವಾಗಿ ಮಾರಲು 2021ರಲ್ಲಿ ಅನುಮತಿ ದೊರೆಯಿತು.

ಎಲೆಯ ವಿಚಾರ ಆಯಾ ರಾಜ್ಯದ ಕೈಯಲ್ಲಿದೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಪರವಾನಗಿ ಪಡೆದ ಭಂಗಿಯಂಗಡಿಗಳುಂಟು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ಹೊರದೇಶಗಳ ಗೆರೆಗಳು ಇನ್ನೂ ಬೇರೆ. ಮುಂಬಯಿಯಿಂದ ಕೊಲ್ಲಿ ದೇಶಗಳಲ್ಲಿರುವ ಮಕ್ಕಳ ಮನೆಗೆ ಹೊರಟ ಹಿರಿಯರು ಮಂಡಿನೋವಿನ ಎಣ್ಣೆಯೆಂದು ಈ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಲೇಬಾರದು. ಅಲ್ಲಿಯ ಮಾದಕ ದ್ರವ್ಯ ಕಾನೂನು ಅತಿ ಕಠಿಣ, ವೈದ್ಯರ ಚೀಟಿ ತೋರಿಸಿದರೂ ನಡೆಯದು. ಕೆಲಸಕ್ಕಾಗಿ ಮೂತ್ರಪರೀಕ್ಷೆಗೆ ಒಳಗಾಗುವ ತರುಣರೂ ಇದನ್ನು ತಿಳಿದಿರಬೇಕು. ಟಿ.ಎಚ್.ಸಿ. ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುವುದರಿಂದ, ನಿತ್ಯ ಸೇವಿಸಿದವರಲ್ಲಿ ನಿಲ್ಲಿಸಿದ ಕೆಲವು ವಾರಗಳ ಮೇಲೂ ಅದರ ಗುರುತು ಮೂತ್ರದಲ್ಲಿ ಸಿಗುತ್ತದೆ.